ಹೆಬ್ಬಟ್ಟಿನ ಅರಿಶಿಣ

ತುಡುಗರ ಮ್ಯಾಲ ನನಗ ಸಿಟ್ಟಿರಲಿಲ್ಲ ಅಂದ್ರ ಸುಳ್ಳಾಗತೈತಿ. ಸಿಟ್ಟಿತ್ತು. ಅದಕ್ಕಿಂತಾ ಜಾಸ್ತಿ ಸಿಟ್ಟು ಆ ಕಂಪನಿ ಮ್ಯಾಲ ಇತ್ತು, ಈಗೂ ಐತಿ, ನಾ ಸಾಯೂ ತನಕಾ ಇರತೈತಿ. ಆ ಸಿಟ್ಟಿನ ಮ್ಯಾಲ ಭಾರಾ ಹಾಕಿ, ನಾ ಮಾಡಿದ್ದನ್ನ ಮುಚ್ಚಿಡಬೇಕು ಅಂತ ಭಾಳ ಸಲ ನೋಡೇನಿ. ಆಗವಲ್ದು. ಅದಕ್ಕ ಹೇಳಾಕತ್ತೇನಿ, ಕೇಳ್ರಿ.

ನನ್ನ ಹೆಸರು ಯಲಗೂರಪ್ಪ. ವಿಜಾಪುರದ ಸಿದ್ಧೇಶ್ವರ ಗುಡಿ ಹಿಂದಿನ ಬಾಜಾರದಾಗ ಸೊಲ್ಲಾಪುರದ ಒಂದು ಮಿಲ್ಲಿನವರು ಅರಿವಿ ಅಂಗಡಿ ಇಟ್ಟಿದ್ರು. ಮಂದಿ ಅದಕ್ಕ ಕಂಪನಿ ಅಂಗಡಿ ಅಂತಿದ್ರು. ಅಲ್ಲಿ ನಾನು ಗಾದಿ ಮ್ಯಾಲ ಕುಂತು ಅರಿವಿ ತೋರಸಾಂವ, ಅಳಿಯಾಂವ, ಹರಿಯಾಂವ. ಅದಕ್ಕೂ ಮೊದಲ ಹತ್ತಿ ಬಿಡಸೂ ಜಿನ್ನಿನ್ಯಾಗ ಅಂಡಗಿ ಮೂಟಿ ಹೊರತಿದ್ದೆ. ಒಂದು ದಿನ ಅಂಡಗಿ ಜಾರಿ ಬೆನ್ನ ಮ್ಯಾಲ ಬಿತ್ತು. ಆಮ್ಯಾಲ ಬಗ್ಗಿ ಒಂದು ಕೊಡಾ ಎತ್ತಾಕೂ ಬರಲಾರದಂಗ ಆತು. ಕುಂತು ಮಾಡೂ ಕೆಲಸಾ ಅಂತ ಇದೊಂದ ಸಿಕ್ಕಿತ್ತು. ಇದು ಹೋದ್ರ ನನಗ, ನನ್ನ ಹೆಂಡತಿಗೆ, ಮಗಳು ಬಾಳವ್ವಗ ಮತ್ತ ಯಾವ ಆಧಾರಾನೂ ಇರಲಿಲ್ಲ. ಇದನ್ನ ನೆನಪಿಟಗೊಂಡು ಮುಂದಿಂದು ಕೇಳ್ರಿ.

ಯುದ್ಧ ನಡದಿತ್ತು. ಅರಿವಿಗೆ ಕಂಟ್ರೋಲ ಬಂದು ಕಾರ್ಡಿನ ಮ್ಯಾಲ ಕೊಡತಿದ್ರು. ಮುಂಜಾನೆ ಬಾಗಲಾ ತಗಿಯೂದರಾಗ ಬಬಲೇಶ್ವರ, ಟಿಕೋಟಾ, ಕನಮಡಿ ಕಡಿಂದ ಬಂದ ಮಂದಿ ಗುಡಿ ಗ್ವಾಡಿ ತನಕಾ ಪಾಳಿ ಹಚ್ಚಿರತಿದ್ರು. ತ್ಯಾಪಿ ಮ್ಯಾಲ ತ್ಯಾಪಿ ಹಚ್ಚಿದ ಸೀರಿ, ಹರಕ ಧೋತರಾ. ಅತ್ತಿ-ಸೊಸಿ ಇಬ್ಬರೂ ಒಂದ ಸೀರಿ ಇಟಗೊಂಡು ಒಬ್ಬರ ಆದ ಮ್ಯಾಲ ಒಬ್ಬರು ಹೊರಗ ಬರತಿದ್ರು ಅಂತ ಸುದ್ದಿ ಇತ್ತು. ಅಂಥಾ ಹೊತ್ತಿನ್ಯಾಗ ತುಡುಗು ಆಗಲಾರದ ಇರತೈತೇನು? ಟಾವೆಲ್ಲು ಧೋತರದೊಳಗ ಹೋಗತಿತ್ತು, ಖಣ ಉಡ್ಯಾಗ ಹೋಗತಿತ್ತು. ಒಂದು ಕುಬಸಕ್ಕ ಆಗೂವಷ್ಟು ತುಂಡು, ಮಡಚಿದ್ರ ಅಂಗೈಯಾಗ ಹಿಡಸತಿತ್ತು. ಹೆಣ್ಣಮಕ್ಕಳು ಸೆರಗ ಮಡಚಿ ನಡಕ್ಕ ಸಿಗಿಸಿ ಉಡಿ ಮಾಡಿಕೊಂಡಿರತಾರಲ್ಲ, ಅದರಾಗ ಏನ ಬಿತ್ತು ಏನಿಲ್ಲ ಅಂತ ಯಾರಿಗೆ ತಿಳಿತೈತಿ.

ಈಗ ಕಂಪನಿ ನೇಮ ಕೇಳ್ರಿ. ಸೊಲ್ಲಾಪುರದ ದೊಡ್ಡ ಆಫೀಸಿಂದ ಅಚ್ಚ ಹಾಕಿಸಿದ ಕಾಗದಾ ಬಂದಿತ್ತು. ನಮ್ಮ ಮ್ಯಾನೇಜರ ಹಣಮಂತರಾಯರು ಅದಕ್ಕ ಚೌಕಟ್ಟ ಹಾಕಿಸಿ ಲಕ್ಷ್ಮೀ ಪಟದ ಪಕ್ಕಕ್ಕ ತೂಗಹಾಕಿದ್ರು. ಮೊದಲನೇ ನೇಮ, ಗಿರಾಕಿ ಮೈ ಮುಟ್ಟಬಾರದು, ಹಾದಿ ಕಟ್ಟಬಾರದು, ತುಡುಗ ಅನಬಾರದು. ಎರಡನೇ ನೇಮ, ಯಾವ ಮಾಲು ಕಡಿಮಿ ಬಿತ್ತೋ ಆ ಮಾಲಿನ ಮುಂದ ಕುಂತ ನೌಕರನ ಜವಾಬದಾರ. ಎರಡ ಸಲ ನೋಟೀಸು, ಮೂರನೇ ಸಲ ಮನಿಗೆ. ಅಂದ್ರ ಏನಾತು? ತುಡುಗ ಒಯ್ಯೂದನ್ನ ಕಣ್ಣೀಲೆ ನೋಡಬೇಕು, ಬಾಯಿ ಮುಚಗೊಂಡು ಕುಂಡ್ರಬೇಕು, ಸಂಜಿಗೆ ನಾನ ತುಡುಗ ಆಗಬೇಕು. ಈ ಎರಡೂ ನೇಮಾ ಬರದಾಂವ ಒಬ್ಬನ ಇದ್ದನೋ, ಇಬ್ಬರು ಇದ್ರೋ, ಒಮ್ಮೆರೆ ಅಂಗಡ್ಯಾಗ ಬಂದು ಗಾದಿ ಮ್ಯಾಲ ಕುಂತಿದ್ರ ಅವರ ಅಜ್ಜನ ಹೆಸರ ನೆನಪಿಸತಿದ್ದೆ.

ಬಾಗಲದಾಗ ಮಲಂಗಸಾಬ ಅಂತ ಒಬ್ಬ ಮುದಕ ಸ್ಟೂಲ ಹಾಕ್ಕೊಂಡು ಕುಂತಿರತಿದ್ದ, ಕೈಯಾಗ ಬಡಗಿ. ಅದನ್ನ ನಾಯಿಗೂ ಎತ್ತಬಾರದು ಅಂತ ಕಂಪನಿ ಹೇಳಿತ್ತು. "ಯಲಗೂರಪ್ಪಣ್ಣಾ, ನಾ ಬಾಗಲಾ ಕಾಯೂದಿಲ್ಲ, ಬಾಗಲಾ ನನ್ನ ಕಾಯತೈತಿ" ಅಂತಿದ್ದ.

ಮೂರು ತಿಂಗಳದಾಗ ನನಗ ಎರಡ ನೋಟೀಸ ಬಂದ್ವು. ಒಂದು ಟಾವೆಲ್ಲಿಗೆ, ಒಂದು ಖಣಕ್ಕ. ಎರಡೂ ಸಲ ಒಯ್ದವರನ್ನ ನೋಡಿದ್ದೆ ನಾನು. ಎರಡನೇದು ಒಯ್ದಾಕಿ ಕಾಶಿಬಾಯಿ, ಗುಡಿ ಓಣ್ಯಾಗಿನ ಸಾವಕಾರ ಮನಿಯಾಕಿ. ಆಕೀಗೆ ಅರಿವಿ ಕೊರತಿ ಇರಲಿಲ್ಲ. ಟಾಂಗಾದಾಗ ಬರತಿದ್ಲು, ಗಾದಿ ಮ್ಯಾಲ ಹತ್ತು ಅರಿವಿ ಥಾನು ಉಚ್ಚಿಸತಿದ್ಲು, ಹೋಗೂ ಮುಂದ ಶಾಲಿನೊಳಗ ಒಂದು ತುಂಡು ಹೋಗತಿತ್ತು. ನನ್ನ ಕಣ್ಣಾಗ ಕಣ್ಣಿಟ್ಟ ಒಯ್ಯತಿದ್ಲು. ರಾಯರಿಗೆ ಹೇಳಿದೆ. ರಾಯರು ನಶ್ಯಾ ಏರಿಸಿ, ಮೂಗ ಒರಸಿಕೊಂಡು, "ಕಂಡದ್ದೆಲ್ಲಾ ಹೇಳಬಾರದಪಾ" ಅಂದ್ರು.

ಎರಡನೇ ನೋಟೀಸು ಬಂದ ವಾರದಾಗ ಸೊಲ್ಲಾಪುರದಿಂದ ಮೂರನೇ ನೇಮಾ ಬಂತು. ಸಂಶೇ ಬಂದ ಗಿರಾಕಿ ಚೀಲಾ, ಉಡಿ ಬಾಗಲದಾಗ ಬಿಚ್ಚಿಸಿ ನೋಡಬೇಕು, ಮೈ ಮಾತ್ರ ಮುಟ್ಟಬಾರದು. ನನಗ ಹಾಲ ಕುಡದಂಗ ಆತು. ರಾಯರು ಅದನ್ನ ಓದಿ, ಕಾಗದಾ ಮಡಚಿ, "ದೊಡ್ಡ ಮನಿಯವರನ್ನ ಬಿಟ್ಟು" ಅಂತ ತಾವೊಂದು ಸೇರಿಸಿದ್ರು.

ಅದ ಹೊತ್ತಿನ್ಯಾಗ, ಒಂದು ಮಂಗಳವಾರ, ಬಬಲೇಶ್ವರದಿಂದ ಕಾಳವ್ವ ಅಂತ ಒಬ್ಬಾಕಿ ಮುದಕಿ ಬಂದ್ಲು. ಬರೇ ಹಣಿ, ಬರೇ ಕೈ. ಗಂಡ ಸತ್ತು ಭಾಳ ವರ್ಷ ಆದದ್ದು ನೋಡಿದ್ರ ತಿಳಿತಿತ್ತು. ಆಕಿ ಕಾರ್ಡಿನ್ಯಾಗ ಇನ್ನ ಉಳದದ್ದು ಅಷ್ಟರಾಗ ಅಷ್ಟು, ಸೀರಿ ತಗೊಂಡ್ರ ಖಣ ಇಲ್ಲ, ಖಣ ತಗೊಂಡ್ರ ಸೀರಿ ಇಲ್ಲ.

"ಸೀರಿ ತಗೋಬೇ ಯವ್ವಾ, ಮೊಣಕಾಲ ಕಾಣಾಕತ್ತಾವ" ಅಂದೆ.

"ನನ್ನ ಮೊಣಕಾಲ ಯಾರ ನೋಡತಾರ ಬಿಡೋ ಯಪ್ಪಾ. ಮಗಳು ಬಸರಿ, ಐದ ತಿಂಗಳ ಕುಬಸಾ ಮಾಡೂದೈತಿ. ಬರೇ ಉಡೀಲೆ ಗಂಡನ ಮನಿಗೆ ಕಳಸಾಕ ಬರತೈತೇನು? ಒಂದು ಹಸರ ಖಣ ಕೊಡು."

ಕೆಂಪ ದಡಿ ಇದ್ದ ಹಸರ ಖಣ ತಗದು ಕೊಟ್ಟೆ. ಖಣ ಮಡಚೂದು ನನ್ನ ಕೆಲಸಾ. ಮೂರ ಮೂಲಿ ಮಡಚಿ, ತುದಿ ಒಳಗ ತಿರುವಿ ಸಿಗಿಸತಿದ್ದೆ. ಬಾಜಾರದಾಗ ಮತ್ತ ಯಾರೂ ಹಂಗ ಮಡಚತಿರಲಿಲ್ಲ. ನೂರು ಖಣದಾಗ ನನ್ನ ಮಡಿಕಿ ಯಾವುದು ಅಂತ ಕೈ ಆಡಿಸಿ ಹೇಳತಿದ್ದೆ. ಅದರದೊಂದು ಸೊಕ್ಕು ನನಗ.

ಕಾಳವ್ವ ಖಣ ಕೈಯಾಗ ತಗೊಳ್ಳಲಿಲ್ಲ. ಲಕ್ಷ್ಮೀ ಪಟದ ಕಡೆ ನೋಡಿದ್ಲು. "ಅಲ್ಲಿ ಅರಿಶಿಣ ಐತಲಾ ತಮ್ಮಾ, ಒಂದೀಟ ಹಚ್ಚಿ ಕೊಡು. ನಾ ಹಚ್ಚಬಾರದು. ಬರೇ ಅರಿವಿ ಒಯ್ದ್ರ ಮನಸ್ಸಿಗೆ ಬರೂದಿಲ್ಲ. ಮಕ್ಕಳೊಂದಿಗ ಅದೀಯಲಾ ನೀನು?"

"ಅದೇನಿ. ಒಬ್ಬಾಕಿ ಮಗಳು."

"ಹಂಗಾರ ನಿನ್ನ ಕೈಲೆನ ಹಚ್ಚು."

ನಾ ಮಡಿಕಿ ಬಿಚ್ಚಿ, ಹೆಬ್ಬಟ್ಟಿಗೆ ಅರಿಶಿಣ ತಗೊಂಡು ಖಣದ ಮೂಲಿಗೆ ಒತ್ತಿದೆ. ಎಡಗೈ ಹೆಬ್ಬಟ್ಟು ಅದು. ಹಿಂದೊಮ್ಮೆ ಅದರ ಮ್ಯಾಲ ಕತ್ರಿ ಬಿದ್ದು ನಡುವ ಸೀಳಿತ್ತು, ಗಾಯಾ ಮಾದರೂ ಕಲಿ ಉಳದಿತ್ತು. ಅರಿಶಿಣದ ಗುರತಿನ್ಯಾಗೂ ನಡುವ ಒಂದು ಗೆರಿ ಬಿಳೇದ ಉಳೀತು. ಕಾಳವ್ವ ಬಗ್ಗಿ ನೋಡಿ ನಕ್ಕಳು. "ಅರಿಶಿಣಾ ಎರಡ ಹೋಳ ಆಗೈತಲ್ಲೋ" ಅಂದ್ಲು.

"ಬೆರಳ ಹೋಳ ಆಗೈತಿ ಬೇ."

"ಇರಲಿ ಬಿಡು. ನಿನ್ನ ಕೈಗುಣಾ ಛಲೋ ಇರಲಿ."

ಅರಿಶಿಣ ಒಳಗ ಬರೂವಂಗ ಮತ್ತ ನನ್ನ ಮಡಿಕೀಲೆ ಮಡಚಿ ಕೊಟ್ಟೆ. ಕಾರ್ಡಿನ ಮ್ಯಾಲ ಒಂದು ಖಣ ಅಂತ ಬರದೆ. ಆಕಿ ಅದನ್ನ ಸೆರಗಿನ್ಯಾಗ ಕಟಗೊಂಡು ಹೋದ್ಲು. ನಾ ಮುಂದಿನ ಗಿರಾಕಿ ಕಾರ್ಡ ಇಸಗೊಂಡೆ. ಅವತ್ತ ಎಷ್ಟ ಖಣ ಕೊಟ್ಟೆನೋ ಏನೋ, ಆಕಿ ಮಾರಿ ಸಂಜೀತನಕಾನೂ ನೆನಪ ಉಳೀಲಿಲ್ಲ.

ಎಂಟ-ಹತ್ತ ದಿವಸ ಆಗಿತ್ತು. ಮುಂಜಾನೆ ಕಾಶಿಬಾಯಿ ಬಂದ್ಲು. ಸೀರಿ ಬೇಕಂದ್ಲು, ಬ್ಯಾಡಂದ್ಲು, ಖಣದ ಗಂಟ ಉಚ್ಚಿಸಿದ್ಲು. ಅದರ ಮುಂದ ಅರ್ಧಾ ತಾಸು ಕುಂತ್ಲು. ನಾ ಕಣ್ಣ ಪಿಳಕ ಅನಸಲಾರದ ಕಾದೆ. ನಡುವ ರಾಯರು "ಯಲಗೂರಪ್ಪಾ, ಆ ಮ್ಯಾಲಿನ ಥಾನ ಇಳಸು, ಬಾಯಾರ ನೋಡತಾರ" ಅಂದ್ರು. ಬೆನ್ನ ತಿರುವಿದೆ. ಅಷ್ಟ. ಆಕಿ ಟಾಂಗಾ ಹತ್ತಿದ ಮ್ಯಾಲ ಗಂಟ ಕಟ್ಟೂ ಮುಂದ ನೋಡಿದ್ರ ಹಸರ ಖಣ ಒಂದು ಕಡಿಮಿ.

ರಾಯರ ಮುಂದ ಹೋಗಿ ನಿಂತೆ. "ರಾಯರ, ಖಣ ಹೋತ್ರಿ. ಬಾಯಾರ ಒಯ್ದಾರ."

"ನೀ ನೋಡಿದೇನು?"

"ನಿಮ್ಮ ಮಾತಿಗೆ ಬೆನ್ನ ತಿರುವಿದ್ನೆಲ್ರೀ."

"ಹಂಗಾರ ನೋಡಿಲ್ಲ" ಅಂದ್ರು. ಅವರ ದನಿ ಏರಲಿಲ್ಲ, ಯಾವಾಗೂ ಏರತಿರಲಿಲ್ಲ. "ಸಂಜೀ ತನಕಾ ಹುಡುಕು. ಸಿಗಲಿಲ್ಲಂದ್ರ ನಾ ಸೊಲ್ಲಾಪುರಕ್ಕ ಬರೀಬೇಕಾಗತೈತಿ. ಮೂರನೇದು ಇದು, ನಿನಗೂ ಗೊತ್ತೈತಿ."

ಗಾದಿಗೆ ಬಂದು ಕುಂತೆ. ಮನಿಗೆ ಹೋಗಿ ಹೆಂಡತಿಗೆ ಏನ ಹೇಳಲಿ, ನಾಳಿಂದ ಒಲಿ ಹೆಂಗ ಹತ್ತಬೇಕು, ಇದ ವಿಚಾರ. ಸಿಟ್ಟು ಬಂದಿತ್ತು, ಅದನ್ನ ಯಾರ ಮ್ಯಾಲ ಒಗೀಬೇಕು ಅನ್ನೂದು ತಿಳೀವಲ್ದು.

ಮಟಮಟ ಮಧ್ಯಾಹ್ನದಾಗ ಒಬ್ಬಾಕಿ ಹುಡಿಗಿ ಬಂದ್ಲು. ಇಪ್ಪತ್ತು ವರ್ಷದ ಒಳಗಿನಾಕಿ, ಬಸರಿ. ಕೈತುಂಬ ಹಸರ ಬಳಿ, ಹಣಿತುಂಬ ಕುಂಕಮಾ, ಮಾರೀಗೆ ಹಚ್ಚಿದ ಅರಿಶಿಣಾ ಇನ್ನೂ ಹೋಗಿರಲಿಲ್ಲ. ಉಡಿ ತುಂಬಿತ್ತು, ಎರಡೂ ಕೈಲೆ ಹೊಟ್ಟಿಗೆ ಒತ್ತಿ ಹಿಡಕೊಂಡಿದ್ಲು. ಮಾವಗ ಒಂದು ಟಾವೆಲ್ಲು ಬೇಕು ಅಂತ ಕೇಳಿದ್ಲು. ಖಣದ ಗಂಟಿನ ಬಾಜೂಕ ಕುಂತ್ಲು. ಟಾವೆಲ್ಲ ಕೊಡಾಕ ಕೈ ಚಾಚಿದಾಗ ನೋಡಿದೆ. ಉಡಿ ಸಂದ್ಯಾಗಿಂದ ಹಸರ ಮೂಲಿ, ಕೆಂಪ ದಡಿ. ಮೂರ ಮೂಲಿ ಮಡಚಿ ತುದಿ ಒಳಗ ಸಿಗಿಸಿದ್ದು. ನನ್ನ ಮಡಿಕಿ.

ಆ ಗಳಿಗ್ಯಾಗ ನಾ ಖರೇನ ನಂಬಿದೆ. ಸುಳ್ಳ ಹೇಳೂದಿಲ್ಲ. ಕಾಶಿಬಾಯಿನ್ನ ಸುಮ್ಮಸುಮ್ಮನ ಅಂದೆ, ಖಣ ಇಲ್ಲೇ ಐತಿ ಅಂತ ನಂಬಿದೆ. ಹಿಗ್ಗ ಆತು ನನಗ. ಹುಡಿಗಿ ಎದ್ದು ಬಾಗಲದ ಕಡೆ ಹೊಂಟ್ಲು. ನಾ ಗಾದಿ ಇಳದು ಬೆನ್ನ ಹಿಡಕೊಂಡ ಓಡಿ ಹೊಸ್ತಲದಾಗ ನಿಂತೆ.

"ಉಡಿ ಬಿಚ್ಚು ತಂಗಿ."

"ಯಾಕ್ರೀ ಅಣ್ಣಾರ?"

"ಕಂಪನಿ ನೇಮ ಐತಿ."

"ಉಡಿ ತುಂಬಿ ಕಳಸ್ಯಾರ್ರೀ. ಬಬಲೇಶ್ವರ ನನ್ನ ತವರಮನಿ, ಟಿಕೋಟಾಕ್ಕ ಹೊಂಟೇನಿ. ಗಂಡನ ಮನಿ ಹೊಸ್ತಲಾ ದಾಟೂ ತನಕಾ ಬಿಚ್ಚಬಾರದಂತ ಹೇಳ್ಯಾರ."

"ತುಂಬಿದವರು ಯಾರು? ನಿಮ್ಮ ತವರಮನಿಯವರೋ, ನಮ್ಮ ಅಂಗಡಿಯವರೋ?"

ಪಾಳ್ಯಾಗ ನಿಂತ ಮಂದಿ ನಕ್ಕರು. ಮಂದಿ ನಕ್ಕದ್ದು ನನಗ ಸೇರಿತು, ಅದನ್ನೂ ಹೇಳತೇನಿ. ಮಲಂಗಸಾಬ ಸ್ಟೂಲ ಬಿಟ್ಟ ಎದ್ದ. "ಯಲಗೂರಪ್ಪಣ್ಣಾ, ಬಸರಿ ಹೆಣ್ಣಮಗಳು. ತುಂಬಿದ ಉಡಿ ಐತಿ. ಹಾದಿ ಬಿಡು."

"ನೀ ಬಾಗಲಾ ಕಾಯಿ, ನನ್ನ ಕಾಯಬ್ಯಾಡ" ಅಂದೆ.

ಹುಡಿಗಿ ರಸ್ತಾದ ಕಡೆ ನೋಡಿದ್ಲು. ಕರಕೊಂಡು ಹೋಗಾಕ ಬಂದ ಮೈದುನ ಮೋಟಾರ ನೋಡಾಕ ಸ್ಟ್ಯಾಂಡಿಗೆ ಹೋಗಿದ್ದನಂತ. "ನನ್ನ ಮೈದುನಾ ಬರಲಿ ತಡೀರಿ, ನಿಮ್ಮ ಕಾಲ ಬೀಳತೇನಿ" ಅಂದ್ಲು.

"ಬಿಚ್ಚತೀಯೋ, ಪೊಲೀಸ ಚೌಕಿಯವರನ್ನ ಕರಸ್ಲೋ?"

ಆಕಿ ಕೈ ಸಡ್ಲ ಬಿಟ್ಲು. ಅಕ್ಕಿ ಹೊಸ್ತಲದ ಮ್ಯಾಲ ಸುರೀತು. ಉತ್ತತ್ತಿ, ಅರಿಶಿಣ ಬೇರು, ಅಡಿಕಿ, ಒಂದು ಕೊಬ್ಬರಿ ಬಟ್ಟಲಾ ಉರುಳಿ ರಸ್ತಾಕ್ಕ ಹೋತು. ಖಣ ನನ್ನ ಕಾಲಾಗ ಬಿತ್ತು. ಬಗ್ಗಾಕ ಬರಲಾರದಾಂವ ನಾನು, ಅವತ್ತ ಹೆಂಗ ಬಗ್ಗಿದೆನೋ. ಎತ್ತಿ ಮಂದಿಗೆ ತೋರಿಸಿದೆ. "ನೋಡ್ರಿ. ಈ ಮಡಿಕಿ ಯಾರದು? ನನ್ನದು."

"ನಮ್ಮವ್ವ ಇಲ್ಲೇ ಕೊಂಡಾಳ್ರೀ. ಆಕಿ ಕಾರ್ಡ ನೋಡ್ರಿ ಬೇಕಾದ್ರ."

"ಕಾರ್ಡ ಎಲ್ಲೈತಿ?"

"ಬಬಲೇಶ್ವರದಾಗ."

ಮಂದಿ ಮತ್ತ ನಕ್ಕರು. ರಾಯರು ಒಳಗಿಂದ ಬಂದ್ರು. ನಾ ಅವರಿಗೆ ತೋರಸಬೇಕಂತ ಖಣದ ಮಡಿಕಿ ಬಿಚ್ಚಿದೆ.

ಒಳಗಿನ ಮೂಲ್ಯಾಗ ಅರಿಶಿಣಾ ಇತ್ತು. ಹೆಬ್ಬಟ್ಟಿನ ಗುರತು, ನಡುವ ಬಿಳೇ ಗೆರಿ.

ಆಗ ಆ ಮುದಕಿ ಮಾರಿ ನೆನಪಾತು. ಮೊಣಕಾಲ, ಹರಕ ಸೀರಿ, ಮಕ್ಕಳೊಂದಿಗ ಅದೀಯಲಾ ಅಂತ ಕೇಳಿದ್ದು, ಎಲ್ಲಾ ಒಮ್ಮೆಲೆ ನೆನಪಾತು. ಗಂಟಿನ್ಯಾಗಿನ ಹೊಸಾ ಖಣಕ್ಕ ಯಾರೂ ಅರಿಶಿಣಾ ಹಚ್ಚಿಡೂದಿಲ್ಲ. ಇದು ಮಾರಿದ ಖಣ. ನಾನ ಮಾರಿದ್ದು. ಹುಡಿಗಿ ಹೇಳಿದ್ದು ಅಕ್ಷರ ಅಕ್ಷರ ಖರೆ.

ರಾಯರು ಸನೇಕ ಬಂದು ನಿಂತ್ರು. "ಯಲಗೂರಪ್ಪಾ, ಮುಂಜಾನೆ ಹೋದದ್ದು ಇದ ಹೌದಿಲ್ಲೋ? ಅಲ್ಲಂದ್ರ ಈಗ ಹೇಳು. ಸಂಜಿಗೆ ಸೊಲ್ಲಾಪುರಕ್ಕ ಬರಿಯೂದ ಐತಿ ನನಗ."

ಎಡಗೈ ಹೆಬ್ಬಟ್ಟು ಆ ಅರಿಶಿಣದ ಮ್ಯಾಲ ಇಟ್ಟೆ. ಅಲ್ಲಿಂದನ ಎದ್ದ ಹೋಗಿದ್ದಂಗ, ಗುರತಿಗೆ ತಕ್ಕಂಗ ಕುಂತಿತು.

"ಇದ ರೀ ರಾಯರ" ಅಂದೆ.

ಅಷ್ಟರಾಗ ಆಕಿ ಮೈದುನ ಬಂದ. ಶಿವಶರಣಪ್ಪ ಅಂತ, ಹದಿನೆಂಟ-ಇಪ್ಪತ್ತು ವರ್ಷದಾಂವ. ಮೋಟಾರ ಹೊಂಟೈತಿ ಅಂತ ಒದರಕೋತ ಬಂದಾಂವ ಮಂದೀನ್ನ ನೋಡಿ ನಿಂತ. ಅಕ್ಕಿ ನೋಡಿದ, ಅತ್ತಿಗಿ ಬರೇ ಉಡಿ ನೋಡಿದ. ರಾಯರು ಚೌಕಿಗೆ ಕೊಡೂದಿಲ್ಲ, ದಯಾ ತೋರಸೇವಿ, ಕರಕೊಂಡ ಹೋಗು ಅಂದ್ರು. ಅಂವ ಮುಂದ ಮುಂದ ನಡದ. "ಶಿವಶರಣಾ, ಖರೆ ಅಲ್ಲೋ, ಅವ್ವನ್ನ ಕೇಳೋ" ಅನಕೋತ ಆಕಿ ಹಿಂದ ಹಿಂದ ಹೋದ್ಲು. ರುದ್ರವ್ವ ಆಕಿ ಹೆಸರು. ಅದೂ ನನಗ ಆಮ್ಯಾಲ ತಿಳೀತು. ಮಲಂಗಸಾಬ ಕುಂತು ಹೊಸ್ತಲದಾಗಿನ ಅಕ್ಕಿ ಒಂದೊಂದ ಆರಿಸಿದ, ಗುಡಿ ಮುಂದ ಒಯ್ದು ಪಾರಿವಾಳಕ್ಕ ಹಾಕಿ ಬಂದ. ಅವತ್ತಿಂದ ಸ್ಟೂಲ ರಸ್ತಾದ ಕಡೆ ಮಾರಿ ಮಾಡಿ ಹಾಕ್ಕೊಂಡ. ನನ್ನ ಕೂಡ ಕೆಲಸಕ್ಕ ಬೇಕಾದಷ್ಟ ಮಾತ ಆಡತಿದ್ದ, ಜಾಸ್ತಿ ಒಂದು ಆಡಲಿಲ್ಲ.

ಹದಿನೈದು ದಿನಕ್ಕ ಸೊಲ್ಲಾಪುರದಿಂದ ಕಾಗದಾ ಬಂತು. ಯಲಗೂರಪ್ಪ ಎಚ್ಚರಿಕೀಲೆ ಮಾಲ ಉಳಸ್ಯಾನ, ಹಿಂದಿನ ಎರಡೂ ನೋಟೀಸು ರದ್ದು. ರಾಯರು ಓದಿ ಹೇಳಿ, ಕಪಾಟದಾಗಿಂದ ಆ ಹಸರ ಖಣ ತಗದ್ರು. "ಇದಕ್ಕ ಅರಿಶಿಣ ಹತ್ತೈತಿ, ಮಾರಾಕ ಬರೂದಿಲ್ಲ. ನಿನಗ ಇನಾಮ ಕೊಡು ಅಂದಾರ." ಖಣ ಬಿಚ್ಚಿ ಮೂಲಿ ನೋಡಿದ್ರು, ನನ್ನ ಕೈ ನೋಡಿದ್ರು. "ಆಕಿ ಉಡ್ಯಾಗ ಅರಿಶಿಣಾ ಇತ್ತಲಾ, ಅದರಿಂದ ಹತ್ತಿರಬೇಕು. ಹೌದಿಲ್ಲೋ?"

"ಹೌದ್ರೀ" ಅಂದೆ.

ಅವರಿಗೆ ತಿಳದಿತ್ತು. ಅವರಿಗೆ ತಿಳದದ್ದು ನನಗ ತಿಳೀತು. ಇಬ್ಬರೂ ಕೆಲಸಕ್ಕ ಹತ್ತಿದ್ವಿ.

ಖಣಾ ಮನಿಗೆ ಒಯ್ದು ಮುಂಜಾನೆ ಬಾಂವಿ ಕಟ್ಟಿ ಮ್ಯಾಲ ಸಬಕಾರ ಹಚ್ಚಿ ಉಜ್ಜಿದೆ. ಸಬಕಾರ ಹತ್ತಿದ ಕೂಡ್ಲೆ ಅರಿಶಿಣಾ ಕೆಂಪಗ ಆತು. ನೀರ ಹಾಕಿದ್ರ ಮತ್ತ ಹಳದಿ. ಮತ್ತ ಹಚ್ಚಿದೆ, ಮತ್ತ ಕೆಂಪು. ಹೆಂಡ್ತಿ ಬಂದು ಕೈಯಾಗಿಂದ ಕಸಗೊಂಡ್ಲು. "ಅರಿಶಿಣಾ ಯಾರರೆ ತೊಳಿತಾರೇನ್ರೀ? ಛಲೋ ಖಣ, ಎಲ್ಲೀದು?" ಅಂದ್ಲು. ಕಂಪನಿ ಇನಾಮ ಅಂದೆ. ಅಕ್ಕಪಕ್ಕದವರಿಗೆಲ್ಲಾ ತೋರಿಸಿ ಬಂದು ಟ್ರಂಕಿನ್ಯಾಗ ಇಟ್ಲು.

ಒಂದು ತಿಂಗಳ ಮ್ಯಾಲ ಕಾಳವ್ವ ಬಂದ್ಲು. ಅದ ಸೀರಿ, ಇನ್ನಷ್ಟು ಹರದಿತ್ತು. ಮೋಟಾರಿಗೆ ರೊಕ್ಕ ಇಲ್ಲದ ಬಬಲೇಶ್ವರದಿಂದ ನಡಕೋತ ಬಂದಿದ್ಲು. ಪಾಳ್ಯಾಗ ನಿಂತು, ತನ್ನ ಪಾಳಿ ಬಂದ ಮ್ಯಾಲ ಗಾದಿ ಮುಂದ ಕುಂತ್ಲು. ಬೈತಾಳ ಅಂದಕೊಂಡಿದ್ದೆ. ಬೈದಿದ್ರ ಛಲೋ ಇತ್ತು, ನಾನೂ ಬೈತಿದ್ದೆ.

"ಯಪ್ಪಾ, ನಿನ್ನಿಂದ ಒಂದ ಮಾತ ಆಗಬೇಕು" ಅಂದ್ಲು. "ಟಿಕೋಟದವರು ಮಗಳನ್ನ ಹೊಸ್ತಲಾ ದಾಟಿಸಿಲ್ಲ. ತುಡುಗಿ ಅಂತ ತಿರುಗಿ ಕಳಿಸ್ಯಾರ. ನಾ ಹೋಗಿ ಕಾಲ ಹಿಡದೆ. ಅಂಗಡಿಯಾಂವ ಬಂದು ಮಾರೇನಿ ಅಂತ ಹೇಳಲಿ, ಅವತ್ತ ಒಳಗ ಕರಕೋತೇವಿ ಅಂದಾರ. ಒಂದ ಮಾತು. ನೀ ಬರೂದೂ ಬ್ಯಾಡ, ಒಂದು ಚೀಟಿ ಬರದ ಕೊಡು."

ಕಾರ್ಡ ಮುಂದ ಇಟ್ಲು. ರಾಯರು ಅಲ್ಲೇ ನಿಂತಿದ್ರು. ಕಾರ್ಡ ತಗದು ನೋಡಿ, "ಒಂದು ಖಣ ಕೊಂಡದ್ದು ಖರೆ ಐತೆವಾ. ಉಡ್ಯಾಗ ಸಿಕ್ಕದ್ದು ಇನ್ನೊಂದಿರಬೇಕು. ಯಾವುದು ಯಾವುದಂತ ಹೆಂಗ ಹೇಳೂದು?" ಅಂದ್ರು.

"ಹೇಳಾಕ ಬರತೈತ್ರಿ. ಈ ಯಪ್ಪಾ ಅದಕ್ಕ ಅರಿಶಿಣಾ ಹಚ್ಚಿ ಕೊಟ್ಟಾನ. ನೆನಪೈತೆಲ್ಲೋ ತಮ್ಮಾ? ನಾ ಹಚ್ಚಬಾರದು ಅಂದೆ, ನೀ ಹಚ್ಚಿದಿ. ನಡುವ ಸೀಳಿತ್ತು. ಖಣಾ ತಗೀರಿ, ಇವನ ಬೆರಳ ಇಟ್ಟ ನೋಡ್ರಿ."

ಎಡಗೈ ತೊಡಿ ಕೆಳಗ ಇಟಗೊಂಡು ಕುಂತಿದ್ದೆ ನಾನು. ರಾಯರು ನನ್ನ ಕಡೆ ನೋಡಲಿಲ್ಲ, ಚೌಕಟ್ಟಿನ್ಯಾಗಿನ ನೇಮದ ಕಡೆ ನೋಡಿದ್ರು. ಹಚ್ಚೇನಿ ಅಂದ್ರ ಏನಾಗತಿತ್ತು? ಹೋದ ಖಣ ಹೋದದ್ದ ಆಗತಿತ್ತು, ಮೂರನೇ ನೋಟೀಸು ಬರತಿತ್ತು, ಸುಳ್ಳ ಹೇಳಿದ್ದಕ್ಕ ಇನ್ನೊಂದು. ಅಂಡಗಿ ಹೊರಾಕ ಬೆನ್ನಿಲ್ಲ. ಮನ್ಯಾಗ ಹೆಂಡ್ತಿ, ಮಗಳು. ಇದನ್ನೆಲ್ಲಾ ವಿಚಾರ ಮಾಡಾಕ ಎಷ್ಟ ಹೊತ್ತ ಬೇಕಾತು? ಒಂದು ಉಸರ ಬಿಡೂವಷ್ಟು.

"ದಿನಾ ನೂರ ಮಂದಿ ಬರತಾರ ಬೇ. ನನಗ ನೆನಪಿಲ್ಲ" ಅಂದೆ.

ಕಾಳವ್ವ ನನ್ನ ಮಾರಿ ನೋಡಿದ್ಲು. ಆಮ್ಯಾಲ ತೊಡಿ ಕೆಳಗ ಇದ್ದ ಕೈ ನೋಡಿದ್ಲು. ಹೆಚ್ಚ ಹೊತ್ತ ಅಲ್ಲ.

"ಹೌದಪಾ, ಭಾಳ ಮಂದಿ ಬರತಾರ" ಅಂದ್ಲು. ಕಾರ್ಡ ಸೆರಗಿನ್ಯಾಗ ಕಟಗೊಂಡ್ಲು. ಏಳೂ ಮುಂದ ಮೊಣಕಾಲ ಹಿಡಕೊಂಡು, "ನಿನ್ನ ಮಗಳು ಛಲೋ ಅದಾಳಿಲ್ಲೋ?" ಅಂತ ಕೇಳಿದ್ಲು. ಶಾಪಾ ಹಾಕಿದಂಗ ಕೇಳಲಿಲ್ಲ. ಸುಮ್ನ, ಯಾರರೆ ಕೇಳಿದಂಗ ಕೇಳಿದ್ಲು. ಅದ ನನಗ ಈಗೂ ತಡಿಯಾಕ ಆಗವಲ್ದು.

ರುದ್ರವ್ವಗ ತವರ ಮನ್ಯಾಗ ಗಂಡ ಕೂಸ ಹುಟ್ಟಿತು. ತೊಟ್ಟಲಕ್ಕ ಟಿಕೋಟದಿಂದ ಒಂದು ಹುಳಾನೂ ಬರಲಿಲ್ಲ. ಮರುವರ್ಷ ಗಂಡ ಮತ್ತೊಂದು ಮದವಿ ಆದ. ಈ ಸುದ್ದಿ ಎಲ್ಲಾ ಪಾಳ್ಯಾಗ ನಿಂತ ಬಬಲೇಶ್ವರದ ಹೆಣ್ಣಮಕ್ಕಳು ತಮ್ಮತಮ್ಮೊಳಗ ಮಾತಾಡೂದು ನನ್ನ ಕಿವೀಗೆ ಬೀಳತಿತ್ತು. ನಾ ಅರಿವಿ ಅಳಕೋತ ಕುಂತಿರತಿದ್ದೆ. ಕಾಶಿಬಾಯಿ ಮನಿ ಮುಸರಿ ತಿಕ್ಕಾಕಿ ಕೆಂಪ ದಡಿ ಹಸರ ಕುಬಸಾ ತೊಟಗೊಂಡು ಅಂಗಡಿ ಮುಂದ ಹಾದು ಹೋಗತಿದ್ಲು, ಅದನ್ನೂ ನೋಡತಿದ್ದೆ. ಬಾಯಾರು ಬಂದಾಗ ಮೊದಲಿಗಿಂತಾ ಮೆತ್ತಗ ಮಾತಾಡಸತಿದ್ದೆ. ಮತ್ತ ಒಯ್ದ್ರೂ ಹೇಳತಿರಲಿಲ್ಲ. ನಾನೂ ಅವರ ಸಾಲಿನ್ಯಾಗ ಕುಂತಾಂವ, ಯಾವ ಬಾಯೀಲೆ ಹೇಳಲಿ?

ಯುದ್ಧ ಮುಗೀತು, ಸ್ವಾತಂತ್ರ್ಯ ಬಂತು, ಅರಿವಿ ಕಂಟ್ರೋಲ ತಗದ್ರು. ಕಂಪನಿಯವರು ಇನ್ನ ಇದರಾಗ ಹುರಳಿಲ್ಲ ಅಂತ ಒಂದು ಕಾಗದಾ ಬರದು ಅಂಗಡಿ ಮುಚ್ಚಿದ್ರು. ನೋಟೀಸಿಲ್ಲ, ಎರಡನೇದಿಲ್ಲ, ಮೂರನೇದಿಲ್ಲ. ಒಮ್ಮೆಲೆ ಎಲ್ಲಾರೂ ಮನಿಗೆ. ಒಂದು ತಿಂಗಳ ಕುಂತೆ. ಆಮ್ಯಾಲ ಸೊಲ್ಲಾಪುರ ರಸ್ತಾದಾಗ ಒಂದು ಹಿಟ್ಟಿನ ಗಿರಣಿ ಮುಂದ ಕುಂತು ಚೀಟಿ ಕೊಡೂ ಕೆಲಸ ಸಿಕ್ಕಿತು. ಕುಂತು ಮಾಡೂ ಕೆಲಸಾ ಊರಾಗ ಇನ್ನೊಂದು ಇತ್ತು. ಅದು ನನಗ ಅವತ್ತ ಗೊತ್ತಿರಲಿಲ್ಲ ಅಂತ ನನಗ ನಾನ ಹೇಳಿಕೋತೇನಿ. ಖರೆ ಹೇಳಬೇಕಂದ್ರ, ನಾ ಕೇಳೇ ಇರಲಿಲ್ಲ.

ಹೋದ ವರ್ಷ ಬಾಳವ್ವನ ಮದವಿ ಆತು. ಕನಮಡಿಗೆ ಕೊಟ್ಟೇವಿ. ಈ ವರ್ಷ ಐದ ತಿಂಗಳ ಕುಬಸಾ ಮಾಡಾಕ ಕರಕೊಂಡ ಬಂದಿದ್ವಿ. ಕಳಸೂ ದಿವಸ ಓಣಿ ಹೆಣ್ಣಮಕ್ಕಳು ಕೂಡಿದ್ರು. ಹೆಂಡ್ತಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಎಲ್ಲಾ ಮೊರದಾಗ ಹೊಂದಿಸಿಕೊಂಡು, ಟ್ರಂಕ ತಗದು ಆ ಹಸರ ಖಣ ತಂದ್ಲು. ಇಷ್ಟ ವರ್ಷ ಅದನ್ನ ಹೊಲಿಸಿರಲಿಲ್ಲ, ಇದಕ್ಕಂತನ ಇಟ್ಟಿದ್ಲು. ಬ್ಯಾಡ ಅನಬೇಕು, ಯಾಕ ಅಂತ ಕೇಳತಾಳ. ಕೇಳಿದ್ರ ಹೇಳಬೇಕು, ಇಷ್ಟ ಮಂದಿ ಮುಂದ, ಮಗಳ ಮುಂದ.

ಬಾಜೂಮನಿ ಮುದಕಿ ಖಣ ಬಿಚ್ಚಿ ನೋಡಿದ್ಲು. "ಇದಕ್ಕ ಆಗಲೇ ಅರಿಶಿಣಾ ಹಚ್ಚೇರೆಲ್ಲಬೇ. ಯಾರ ಹಚ್ಚ್ಯಾರ?"

ಹೆಂಡ್ತಿ ನನ್ನ ಕಡೆ ನೋಡಿದ್ಲು. ಎಲ್ಲಾರೂ ನೋಡಿದ್ರು.

"ನಾನ ಹಚ್ಚೇನಿ" ಅಂದೆ.

ಅಪ್ಪನ ಜೀವಾ ನೋಡ್ರಿ ಅಂತ ಹೆಣ್ಣಮಕ್ಕಳು ನಕ್ಕರು. ಬಾಳವ್ವನೂ ನಕ್ಕಳು. ಆರು ವರ್ಷದ ಹಿಂದ ಆ ಒಂದ ಮಾತಿಗೆ ಒಬ್ಬಾಕಿ ಮುದಕಿ ಬಬಲೇಶ್ವರದಿಂದ ನಡಕೋತ ಬಂದಿದ್ಲು. ಇಲ್ಲಿ ಅದನ್ನ ಯಾರೂ ಬೇಡಿರಲಿಲ್ಲ. ಖಣ ಮಗಳ ಉಡ್ಯಾಗ ಹೋತು, ಅದರ ಮ್ಯಾಲ ಅಕ್ಕಿ ಬಿತ್ತು.

ಮೋಟಾರ ತನಕಾ ನಾನ ಕಳಸಾಕ ಹೋದೆ. ಕನಮಡಿ ಮೋಟಾರ ಟಿಕೋಟಾ ಮ್ಯಾಲ ಹಾದು ಹೋಗತೈತಿ, ಅಲ್ಲಿ ಹತ್ತು ನಿಮಿಷ ನಿಂದರತೈತಿ. ಅಳಿಯ ಜಾಗಾ ಹಿಡಿಯಾಕ ಮೊದಲ ಹತ್ತಿದ. ಬಾಳವ್ವ ಎರಡೂ ಕೈಲೆ ಉಡಿ ಹೊಟ್ಟಿಗೆ ಒತ್ತಿ ಹಿಡಕೊಂಡು ಮೆಟ್ಟಲದ ಹತ್ರ ನಿಂತಿದ್ಲು. ನಾ ಆಕಿ ಸನೇಕ ಹೋದೆ.

"ಬಾಳವ್ವಾ, ದಾರ್ಯಾಗ ಯಾರ ಕೇಳಿದ್ರೂ ಉಡಿ ಬಿಚ್ಚಬ್ಯಾಡವಾ. ಏನ ಅಂದ್ರೂ ಬಿಚ್ಚಬ್ಯಾಡ."

ಆಕಿ ನನ್ನ ಮಾರಿ ನೋಡಿ ನಗಾಕತ್ತಿದ್ಲು. "ಯಪ್ಪಾ, ನಿನಗ ವಯಸ್ಸಾತು. ತುಂಬಿದ ಉಡಿ ಬಿಚ್ಚು ಅಂತ ಯಾರರೆ ಕೇಳತಾರೇನು?"